ಕಪ್ಪು ನಾಯಿ ಕ್ಯಾನ್ವಾಸಿನ ಮೇಲೆ ಗುಂಡಿಯಂತೆ ಕಾಣುವುದೇಕೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಪೆನ್ಸಿಲ್ ಚಿತ್ರ ಚೆನ್ನಾಗಿ ಕೈಹತ್ತಿದೆ. ಆರು ತಿಂಗಳಿಂದ ಆರ್ಡರ್ ತೆಗೆದುಕೊಂಡು ಸಾಕುಪ್ರಾಣಿಗಳ ಚಿತ್ರವನ್ನು ಅಕ್ರಿಲಿಕ್ ಬಣ್ಣದಲ್ಲಿ ಮಾಡಿಕೊಡುತ್ತಿದ್ದೇನೆ. ಮೂಡಿಗೆರೆ ಕಡೆಯ ಎಸ್ಟೇಟ್ ಮನೆಯವರಿಗೆ ಅವರ ಕಪ್ಪು ಲ್ಯಾಬ್ರಡಾರ್ ಚಿತ್ರವನ್ನು 12x16 ಇಂಚಿನ ಕ್ಯಾನ್ವಾಸ್ ಮೇಲೆ ಬರೆದೆ. ಕೂದಲನ್ನು ಒಂದೊಂದಾಗಿ ಬಿಡಿಸಿದ್ದೆ. ಆದರೂ ಮುಖ ನೆಲದಲ್ಲಿ ತೋಡಿದ ಕಪ್ಪು ಗುಂಡಿಯ ಹಾಗೆ ಕಾಣುತ್ತದೆ. ಮನೆಯವರು ‘ಚೆನ್ನಾಗಿದೆ, ಆದರೆ ನಮ್ಮ ನಾಯಿ ಅನ್ನಿಸೋದಿಲ್ಲ’ ಅಂದರು. ಜುಲೈನಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆದ ಮೇಲಂತೂ ಕಪ್ಪಿನ ಮೇಲೆ ಮಂಜು ಕೂತ ಹಾಗೆ ಬೆಳ್ಳಗಾಗಿದೆ. 20 ಗಂಟೆ ಕೆಲಸಕ್ಕೆ 1500 ರೂಪಾಯಿ ಹೇಳಿದ್ದೆ. ಎಲ್ಲಿ ತಪ್ಪಿದ್ದೇನೆ? ಈ ಚಿತ್ರವನ್ನು ಉಳಿಸಬಹುದೇ?

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ, ಕೆಲಸದ ಸರದಿ ಹಿಂದುಮುಂದಾಗಿದೆ. ಆಕಾರ ಕೂರುವ ಮೊದಲೇ ಕೂದಲು ಬಂತು, ಬಣ್ಣ ಪೂರ್ತಿ ಆರುವ ಮೊದಲೇ ವಾರ್ನಿಷ್ ಬಂತು, ಗಂಟೆ ಲೆಕ್ಕ ಹಾಕುವ ಮೊದಲೇ ಬೆಲೆ ಬಾಯಿಂದ ಹೊರಬಿತ್ತು. ಚಿತ್ರವನ್ನು ಬಹುಪಾಲು ಉಳಿಸಬಹುದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಮುಂದಿನ ಆರ್ಡರ್ ಕೆಡದಿರಲಿ.

‘ನಮ್ಮ ನಾಯಿ ಅನ್ನಿಸೋದಿಲ್ಲ’ ಎಂಬ ಮಾತಿನ ಮೂಲ ಹೆಚ್ಚಿನ ಸಲ ಫೋಟೋದಲ್ಲೇ ಇರುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಒಂದೂವರೆ ಅಡಿ ದೂರದಿಂದ ನಾಯಿಯ ಮುಖ ತೆಗೆದರೆ ಕ್ಯಾಮೆರಾಗೆ ಹತ್ತಿರವಿರುವ ಮೂಗು ಊದಿಕೊಳ್ಳುತ್ತದೆ, ಕಣ್ಣುಗಳು ಹಿಂದೆ ಸರಿಯುತ್ತವೆ, ಕಿವಿ ಚಿಕ್ಕದಾಗುತ್ತದೆ. ಫೋಟೋ ನೋಡುವಾಗ ನಮ್ಮ ಮಿದುಳು ಅದನ್ನು ಸರಿಪಡಿಸಿಕೊಳ್ಳುತ್ತದೆ. ಅದೇ ಅಳತೆಯನ್ನು ಕ್ಯಾನ್ವಾಸಿಗೆ ಇಳಿಸಿದಾಗ ಮಾತ್ರ ಬೇರೆ ಯಾವುದೋ ನಾಯಿ ಬಂದು ಕೂರುತ್ತದೆ. ನೀವು ಫೋಟೋದಂತೆಯೇ ಬರೆದಿರುತ್ತೀರಿ, ಮನೆಯವರು ದಿನಾ ಕಾಣುವ ಮುಖ ಅದಲ್ಲ, ಅಷ್ಟೇ. ಆದ್ದರಿಂದ ಮನೆಯವರಿಗೆ ಹೀಗೆ ಹೇಳಿ: ಐದಾರು ಅಡಿ ದೂರ ನಿಲ್ಲಿ, 2x ಜೂಮ್ ಇಡಿ, ಮಂಡಿಯೂರಿ ನಾಯಿಯ ಕಣ್ಣಿನ ಮಟ್ಟಕ್ಕೆ ಬನ್ನಿ, ಹತ್ತು ಹದಿನೈದು ಫೋಟೋ ತೆಗೆಯಿರಿ. ಜೊತೆಗೆ 20 ಸೆಕೆಂಡಿನ ಒಂದು ವಿಡಿಯೋ ಬೇಕು. ಹೆಸರು ಕರೆದಾಗ ಅದು ಕಿವಿಯನ್ನು ಹೇಗೆ ಎತ್ತುತ್ತದೆ, ತಲೆಯನ್ನು ಯಾವ ಕಡೆ ವಾಲಿಸುತ್ತದೆ ಎನ್ನುವುದು ಸ್ಥಿರಚಿತ್ರದಲ್ಲಿ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಪ್ಪು ನಾಯಿಯ ಫೋಟೋಗೆ ಇನ್ನೂ ಒಂದು ಮಾತು ಇದೆ. ಹಿಂದೆ ಬಿಳಿ ಗೋಡೆಯೋ ಆಕಾಶವೋ ಇದ್ದರೆ ಕ್ಯಾಮೆರಾ ಅದಕ್ಕೆ ಹೊಂದಿಕೊಂಡು ನಾಯಿಯನ್ನು ಪೂರ್ತಿ ಕಪ್ಪಾಗಿಸಿಬಿಡುತ್ತದೆ. ಪರದೆಯ ಮೇಲೆ ನಾಯಿಯ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆದರೆ ಕೆನ್ನೆಯ ಮೂಳೆ, ಹುಬ್ಬಿನ ಉಬ್ಬು, ತುಟಿಯ ಅಂಚು ಬೇರೆಬೇರೆಯಾಗಿ ಕಾಣುತ್ತವೆ. ಫ್ಲಾಶ್ ಬೇಡವೇ ಬೇಡ. ಕಣ್ಣಿನ ಒಳಪದರ ಬೆಳಕನ್ನು ತಿರುಗಿ ಎಸೆಯುವುದರಿಂದ ಕಣ್ಣು ಹಸಿರಾಗಿ ಹೊಳೆದು ಅದರ ನಿಜವಾದ ಬಣ್ಣ ಕಾಣದೆ ಹೋಗುತ್ತದೆ. ನಮ್ಮ ಕಡೆ ಇನ್ನೊಂದು ತಾಪತ್ರಯ ಉಂಟು. ತೋಟದೊಳಗೆ ಸಿಲ್ವರ್ ಓಕ್ ನೆರಳಿನಲ್ಲಿ ತೆಗೆದ ಫೋಟೋದಲ್ಲಿ ಕಪ್ಪು ಮೈಯೆಲ್ಲ ಹಸಿರು ಹಸಿರಾಗಿರುತ್ತದೆ. ಬಿಸಿಲಿನಲ್ಲಿ ಕಾಫಿ ಕಣದಲ್ಲೋ ಕೆಂಪು ಮಣ್ಣಿನ ಅಂಗಳದಲ್ಲೋ ನಿಲ್ಲಿಸಿದರೆ ಗದ್ದದ ಅಡಿಗೆ ಕೆಂಪು ಬೆಳಕು ಹೊಡೆಯುತ್ತದೆ. ಅದನ್ನು ಅರಿತು ಬಳಸುವವರಿಗೆ ಅದು ಚಂದವೇ, ಹೊಸಬರಿಗೆ ಗೊಂದಲ. ಜಗಲಿಯ ಅಂಚಿನಲ್ಲಿ, ಮುಖ ಹೊರಗಿನ ಬೆಳಕಿಗೆ ಓರೆಯಾಗಿರುವಂತೆ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ತೆಗೆದ ಫೋಟೋ ಎಲ್ಲಕ್ಕಿಂತ ಒಳ್ಳೆಯದು.

ತೀರಿಹೋದ ಪ್ರಾಣಿಯ ಚಿತ್ರ ಕೇಳಿ ಬರುವವರೂ ಇರುತ್ತಾರೆ. ಅವರ ಹತ್ತಿರ ಇರುವುದು ನಾಲ್ಕು ಮಸುಕು ಫೋಟೋ ಮಾತ್ರ. ಅಂಥವರಿಂದ ಇರುವ ಎಲ್ಲ ಫೋಟೋಗಳನ್ನೂ ಕೇಳಿ ಪಡೆಯಿರಿ, ಒಂದನ್ನು ಆಕಾರಕ್ಕೆ, ಒಂದನ್ನು ಬಣ್ಣಕ್ಕೆ, ಒಂದನ್ನು ಕಣ್ಣಿಗೆ ಇಟ್ಟುಕೊಳ್ಳಿ. ಬೆಳಕಿನ ದಿಕ್ಕು ಮಾತ್ರ ಒಂದೇ ಫೋಟೋದ್ದಿರಲಿ. ಎಡದಿಂದ ಬೆಳಕು ಬಿದ್ದ ಮುಖಕ್ಕೆ ಬಲದಿಂದ ಬೆಳಕು ಬಿದ್ದ ಕಣ್ಣು ಜೋಡಿಸಿದರೆ ಎಷ್ಟು ತಿದ್ದಿದರೂ ಕೂರುವುದಿಲ್ಲ. ಕಾಲರ್, ಗೆಜ್ಜೆ, ಕಿವಿಯ ಹರಿದ ಅಂಚು, ಮೂತಿಯ ನರೆ, ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅವರನ್ನೇ ಕೇಳಿ. ನರೆ ತೆಗೆದು ಎಳೆಯ ನಾಯಿ ಮಾಡಿಕೊಟ್ಟರೆ ಅವರು ಕಳೆದುಕೊಂಡ ಮುಖವೇ ಅದರಲ್ಲಿ ಇರುವುದಿಲ್ಲ.

ಇನ್ನು ಗೆರೆಗೆ ಬರೋಣ. ಎರಡು ಕಣ್ಣಿನ ಒಳಮೂಲೆಗಳ ನಡುವಿನ ದೂರವನ್ನು ಒಂದು ಅಳತೆಗೋಲು ಅಂದುಕೊಳ್ಳಿ. ಮೂಗಿನ ಅಗಲ ಅದರ ಎಷ್ಟು ಪಾಲು, ಕಣ್ಣಿನ ಗೆರೆಯಿಂದ ಮೂಗಿನ ಮೇಲಂಚಿಗೆ ಎಷ್ಟು ಗೋಲು, ಹೊರಮೂಲೆಯಿಂದ ಕಿವಿಯ ಬುಡಕ್ಕೆ ಎಷ್ಟು ಎಂದು ಫೋಟೋದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. 12x16 ಕ್ಯಾನ್ವಾಸ್ ಮೇಲೆ ಕಣ್ಣು ಎರಡು ಮಿಲಿಮೀಟರ್ ಸರಿದರೂ ಮುಖ ಬೇರೆಯಾಗುತ್ತದೆ. ಕಿವಿ ಅರ್ಧ ಸೆಂಟಿಮೀಟರ್ ಸರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣು ಮತ್ತು ಮೂಗಿನ ತ್ರಿಕೋನಕ್ಕೆ ಸಮಯ ಸುರಿಯಿರಿ. ಒಂದಿಂಚಿನ ಚೌಕ ಹಾಕಿಕೊಂಡು ಬರೆದರೂ ಸರಿ, ಪ್ರಿಂಟಿನ ಹಿಂದೆ 2ಬಿ ಪೆನ್ಸಿಲ್ ಉಜ್ಜಿ ಇಳಿಸಿಕೊಂಡರೂ ಸರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಚೌಕ ಹಾಕುವವರು ಫೋಟೋವನ್ನು ಮೊದಲು ಕ್ಯಾನ್ವಾಸಿನ 3:4 ಅಳತೆಗೇ ಕತ್ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಖ ಒಂದು ಕಡೆ ಹಿಗ್ಗುತ್ತದೆ. ಗೆರೆ ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿ. ತಪ್ಪಿದ ಕಣ್ಣು ಅಲ್ಲಿ ತಟ್ಟನೆ ಕಾಣುತ್ತದೆ.

ಅಂಗಡಿಯಲ್ಲಿ ಸಿಗುವ ರೆಡಿ ಕ್ಯಾನ್ವಾಸ್ ಮೇಲೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಪದರ, ತೆಳ್ಳಗಿರುತ್ತದೆ. ಅದರ ಒರಟು ನೇಯ್ಗೆ ಕಣ್ಣಿನ ಗೆರೆಯನ್ನು ಒಡೆಯುತ್ತದೆ. ಇನ್ನೆರಡು ಕೋಟ್ ಹೊಡೆಯಿರಿ, ಮೊದಲನೆಯದಕ್ಕೆ ಕಾಲು ಪಾಲು ನೀರು ಸೇರಿಸಿ, ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ. ಪೂರ್ತಿ ಒಣಗಿದ ಮೇಲೆ 320 ನಂಬರಿನ ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ. ಮಳೆಗಾಲದಲ್ಲಿ ಕೋಟ್‌ಗಳ ನಡುವೆ ಒಂದು ರಾತ್ರಿ ಬಿಡಿ. ಆಮೇಲೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಬಿಳಿ ಬೆರೆಸಿ ತೆಳ್ಳಗೆ ಇಡೀ ಕ್ಯಾನ್ವಾಸಿಗೆ ಬಳಿಯಿರಿ. ಬಿಳಿ ನೆಲದ ಮೇಲೆ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುತ್ತದೆ, ಕಣ್ಣು ಮೋಸಹೋಗುತ್ತದೆ.

ಈಗ ಗುಂಡಿಯ ವಿಷಯ. ನೀವು ಟ್ಯೂಬಿನ ಕಪ್ಪನ್ನು ನೇರವಾಗಿ ಬಳಸಿ, ಅದರ ಮೇಲೆ ಬೂದು ಕೂದಲು ಎಳೆದಿರಬೇಕು. ಟ್ಯೂಬಿನ ಕಪ್ಪು ಹೆಚ್ಚುಕಡಿಮೆ ಬೆಳಕನ್ನೆಲ್ಲ ನುಂಗುತ್ತದೆ, ಅದಕ್ಕಿಂತ ಗಾಢವಾದದ್ದು ಇನ್ನಿಲ್ಲ, ಹಾಗಾಗಿ ನೆರಳಿಗೆ ಜಾಗವೇ ಉಳಿಯುವುದಿಲ್ಲ. ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ನ್ಟ್ ಅಂಬರ್ (ಗಾಢ ಕಂದು) ಸುಮಾರು ಸಮ ಪಾಲು ಬೆರೆಸಿ. ಬರುವ ಕಪ್ಪು ಜೀವಂತವಾಗಿರುತ್ತದೆ. ನೀಲಿ ತುಸು ಹೆಚ್ಚಿಸಿದರೆ ಆಕಾಶದ ಬೆಳಕು ಬಿದ್ದ ಬೆನ್ನು, ಅಂಬರ್ ಹೆಚ್ಚಿಸಿದರೆ ಬೆಚ್ಚನೆಯ ನೆರಳು. 15ರಿಂದ 20 ಮಿಲಿಯಷ್ಟನ್ನು ಒಂದೇ ಸಲ ಕಲಸಿ ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ದಿನಕ್ಕೊಂದು ಸಲ ಹೊಸದಾಗಿ ಕಲಸಿದರೆ ಮೊನ್ನೆಯ ಕಿವಿಗೂ ಇಂದಿನ ಕತ್ತಿಗೂ ಬಣ್ಣ ಕೂಡುವುದಿಲ್ಲ.

ಒಂದು ರಟ್ಟಿನ ಪಟ್ಟಿಯ ಮೇಲೆ ಹತ್ತು ಮನೆ ಹಾಕಿ, 1 ಅತಿ ಗಾಢ, 10 ಬಿಳಿ ಎಂದು ಬೂದು ಮೆಟ್ಟಿಲು ಮಾಡಿಕೊಳ್ಳಿ. ಕಪ್ಪು ಲ್ಯಾಬ್ರಡಾರಿನ ಮೈ 1ರಿಂದ 5ರೊಳಗೆ ಮುಗಿಯಬೇಕು. 1 ಇರುವುದು ಮೂಗಿನ ಹೊಳ್ಳೆ, ಬಾಯಿಯ ಸೀಳು, ಕಿವಿಯ ಅಡಿ, ಇಷ್ಟು ಕಡೆ ಮಾತ್ರ. ನೆರಳಿನ ಕೆನ್ನೆ 2. ಬೆಳಕಿಗೆ ತಿರುಗಿದ ಹಣೆ, ಮೂತಿಯ ಮೇಲ್ಭಾಗ, ಕಿವಿಯ ಮಡಿಕೆ 4 ಅಥವಾ 5. ಕೂದಲ ಹೊಳಪು 6, ಅಲ್ಲೊಂದು ಇಲ್ಲೊಂದು 7. 10 ಎನ್ನುವುದು ಕಣ್ಣಿನ ಮಿಂಚಿಗೆ ಮೀಸಲು. ಹಿನ್ನೆಲೆಯನ್ನು 5ರಿಂದ 7ರ ಬೂದು ಹಸಿರೋ ಮಣ್ಣಿನ ಬಣ್ಣವೋ ಮಾಡಿದರೆ ತಲೆಯ ಅಂಚು ತಾನಾಗಿ ಬಿಡಿಸಿಕೊಳ್ಳುತ್ತದೆ. ಕಪ್ಪು ನಾಯಿಗೆ ಗಾಢ ಹಿನ್ನೆಲೆ ಮಾಡುವುದು ಅನುಭವಿಗಳಿಗೂ ಕಷ್ಟದ ಕೆಲಸ, ಸದ್ಯಕ್ಕೆ ಅದನ್ನು ಬಿಡಿ.

ಅಕ್ರಿಲಿಕ್ ಒಣಗಿದಾಗ ಒಂದು ಮೆಟ್ಟಿಲು ಗಾಢವಾಗುತ್ತದೆ ಎನ್ನುವುದು ಇಲ್ಲಿ ನೆನಪಿರಲಿ. ಬಣ್ಣದೊಳಗಿನ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ, ನೀರು ಆರಿ ಅಂಟಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡಾಗ ತಿಳಿಯಾಗುತ್ತದೆ. ಆ ಬಿಳುಪು ಹೋದಷ್ಟು ಬಣ್ಣ ಕಪ್ಪಾಗುತ್ತದೆ. ಹಸಿಯಲ್ಲಿ 4 ಎಂದು ಇಟ್ಟದ್ದು ಒಣಗಿ 3 ಆಗಿ, 3 ಇದ್ದದ್ದು 2 ಆಗಿ, ಎಲ್ಲವೂ ಅಡಿಗೆ ಜಾರುತ್ತವೆ. ನಿಮ್ಮ ಗುಂಡಿಗೆ ಇದೂ ಒಂದು ಕಾರಣ. ರಟ್ಟಿನ ಮೇಲೆ ಒಂದು ಚುಕ್ಕೆ ಇಟ್ಟು ಹೇರ್ ಡ್ರೈಯರ್‌ನಿಂದ ಒಣಗಿಸಿ, ಮೆಟ್ಟಿಲಿನ ಪಕ್ಕ ಹಿಡಿದು ನೋಡಿ, ಆಮೇಲೆ ಕ್ಯಾನ್ವಾಸಿಗೆ ಹೋಗಿ.

ಬಣ್ಣದ ಹದ ಮೂರು ಬಗೆ. ಮೊದಲ ಸುತ್ತಿನ ದೊಡ್ಡ ಜಾಗಗಳಿಗೆ ದೋಸೆ ಹಿಟ್ಟಿನ ಹದ, ಒಂದಿಂಚಿನ ಚಪ್ಪಟೆ ಬ್ರಷ್. ನಡುವಿನ ಛಾಯೆಗಳಿಗೆ ತುದಿ ದುಂಡಗಿರುವ ಫಿಲ್ಬರ್ಟ್ 6 ಅಥವಾ 8, ಬಣ್ಣ ಸ್ವಲ್ಪ ಸಡಿಲ. ಕೊನೆಯ ಕೂದಲಿಗೆ ಉದ್ದ ಎಳೆಯ ಲೈನರ್ ಬ್ರಷ್, ಬಣ್ಣ ನೀರು ಮಜ್ಜಿಗೆಯ ಹದ. ಲೈನರ್‌ಗೆ ಗಟ್ಟಿ ಬಣ್ಣ ಹಾಕಿದರೆ ಗೆರೆ ಅರ್ಧಕ್ಕೇ ತುಂಡಾಗುತ್ತದೆ. ತೆಳು ಮಾಡಲು ಬರೀ ನೀರನ್ನೇ ಸುರಿಯಬೇಡಿ, ಅಂಟು ಚದುರಿ ಹಿಡಿತ ಕಳೆದುಕೊಳ್ಳುತ್ತದೆ, ಮೇಲಿನ ಕೋಟ್ ಹೊಡೆಯುವಾಗ ಕೆಳಗಿನದು ಎದ್ದುಬರುತ್ತದೆ. ತೆಳು ಬಣ್ಣ ಹೆಚ್ಚು ಬೇಕಾದಲ್ಲಿ ಅರ್ಧ ನೀರು, ಅರ್ಧ ಅಕ್ರಿಲಿಕ್ ಮೀಡಿಯಂ (ಬಣ್ಣ ಸೇರಿಸದ ಅದೇ ಅಂಟು). ಕರಕುಶಲ ಕೆಲಸಕ್ಕೆಂದು ಮಾರುವ 15 ಮಿಲಿ ಬಾಟಲಿಗಳಲ್ಲಿ ವರ್ಣದ್ರವ್ಯ ಕಡಿಮೆ, ಆರ್ಡರ್ ಚಿತ್ರಕ್ಕೆ ಕಲಾವಿದರ ದರ್ಜೆಯ ಟ್ಯೂಬ್‌ಗಳೇ ಇರಲಿ. ಆರೇ ಬಣ್ಣ ಸಾಕು: ಟೈಟೇನಿಯಂ ವೈಟ್, ಅಲ್ಟ್ರಾಮರೀನ್, ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ನಾಲಿಗೆ ಮತ್ತು ಕಿವಿಯೊಳಗಿನ ಕೆಂಪಿಗೆ ಒಂದು ಕ್ವಿನಾಕ್ರಿಡೋನ್ ಗುಲಾಬಿ. ಹಳೆಯ ಮಾದರಿಯ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಹತ್ತಾರು ವರ್ಷ ಗೋಡೆಯ ಮೇಲಿರಬೇಕಾದ ಚಿತ್ರಕ್ಕೆ ಬೇಡ.

ಕಣ್ಣಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಜಗಲಿಯ ಬೆಳಕಿನಲ್ಲಿ ಕೂತ ಲ್ಯಾಬ್ರಡಾರಿನ ಕಣ್ಣನ್ನು ಹತ್ತಿರದಿಂದ ನೋಡಿದರೆ ಮೊದಲು ಕಾಣುವುದು ಕಂದು ಅಲ್ಲ, ಕಣ್ಣಿನ ಸುತ್ತ ಇರುವ ಕಪ್ಪು ಚರ್ಮದ ಅಂಚು. ಅದು ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ, ಮೂಗಿನ ಕಡೆಯ ಮೂಲೆಯಲ್ಲಿ ಚೂಪಾಗಿ ಕೆಳಗಿಳಿಯುತ್ತದೆ. ಮೇಲಿನ ರೆಪ್ಪೆ ಕಣ್ಣುಗುಡ್ಡೆಯ ಮೇಲೆ ನೆರಳು ಬೀಳಿಸುತ್ತದೆ, ಆದ್ದರಿಂದ ಕಂದು ವೃತ್ತದ ಮೇಲಿನ ಮೂರನೇ ಒಂದು ಭಾಗ ಗಾಢ. ಬೆಳಕು ಮೇಲಿನ ಎಡದಿಂದ ಒಳಹೊಕ್ಕರೆ ಕೆಳಗಿನ ಬಲದಲ್ಲಿ ಕಂದು ಬೆಳಗುತ್ತದೆ. ಅಲ್ಲಿ ಬರ್ನ್ಟ್ ಸಿಯೆನ್ನಾಗೆ ಚೂರು ಓಕರ್ ಹಾಕಿ ಒಂದು ಚಂದ್ರಕಲೆ ಇಡಿ. ಪಾಪೆ ದುಂಡಗೆ, ಅಂಚು ಸ್ವಲ್ಪ ಮೃದುವಾಗಿರಲಿ. ಮಿಂಚು ಕೊನೆಗೆ. ಅದು ಕಿಟಕಿಯ ಇಲ್ಲವೇ ಅಂಗಳದ ಆಕಾಶದ ಪ್ರತಿಬಿಂಬ, ಹಾಗಾಗಿ ಅಪ್ಪಟ ಬಿಳಿಯಲ್ಲ, ಬಿಳಿಗೆ ಅಲ್ಟ್ರಾಮರೀನಿನ ಸೋಕು. ಅದರ ನಡುವೆ ಒಂದೇ ಒಂದು ಬಿಳಿ ಚುಕ್ಕೆ. ಎರಡು ಕಣ್ಣಿನಲ್ಲೂ ಮಿಂಚು ಒಂದೇ ಜಾಗದಲ್ಲಿರಬೇಕು, ಗಡಿಯಾರದ ಹತ್ತು ಗಂಟೆಯ ಕಡೆ ಎಂದರೆ ಎರಡರಲ್ಲೂ ಹತ್ತೇ. ಪಾಪೆಯ ನಟ್ಟನಡುವೆ ಮಿಂಚು ಇಟ್ಟರೆ ಗೊಂಬೆಯ ಕಣ್ಣಾಗುತ್ತದೆ. ಕಡೆಯದಾಗಿ ಕೆಳರೆಪ್ಪೆಯ ಮೇಲೆ ಕೂದಲಿನಷ್ಟು ತೆಳುವಾದ ಬೂದು ಗೆರೆ, ಅದು ಕಣ್ಣೀರಿನ ತೇವ. ಇದೊಂದು ಗೆರೆ ಬಿದ್ದಾಗ ಕಣ್ಣು ಒದ್ದೆಯಾಗುತ್ತದೆ, ನಾಯಿ ನಿಮ್ಮತ್ತ ನೋಡುತ್ತದೆ.

ಕಪ್ಪು ಮುಖದಲ್ಲಿ ಮೂಗೂ ಕಪ್ಪು, ತುಟಿಯೂ ಕಪ್ಪು. ಅವನ್ನು ಬೇರ್ಪಡಿಸುವುದು ಬಣ್ಣವಲ್ಲ, ಹೊಳಪು. ಮೂಗಿನ ಮೇಲೆ ಒದ್ದೆ ಹೊಳಪು, ಅಂಚು ಚೂಪು. ಕೂದಲಿನ ಮೇಲೆ ರೇಷ್ಮೆಯ ಹೊಳಪು, ಅಂಚು ಕರಗಿದಂತೆ. ಮೂಗಿನ ಮೇಲಿನ ಸಣ್ಣ ಗುಳ್ಳೆಗಳನ್ನು ಎಣಿಸಿ ಬರೆಯಬೇಡಿ. ಬೆಳಕು ಬಿದ್ದ ಮೇಲಂಚಿನಲ್ಲಿ ಮಾತ್ರ ಒಣ ಬ್ರಷ್ ತುದಿಯಿಂದ ನೀಲಿ ಬೂದನ್ನು ತಟ್ಟಿದರೆ ಸಾಕು.

ಕೂದಲು ಬರೆಯುವ ಮೊದಲು ಪ್ರಿಂಟಿನ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿ ಕೂದಲಿನ ನಕ್ಷೆ ಮಾಡಿ. ಮೂಗಿನ ಹಿಂದಿನಿಂದ ಹಣೆಗೆ ಮೇಲಕ್ಕೆ ಹೋಗುತ್ತದೆ, ಹುಬ್ಬಿನ ಬಳಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ, ಕೆನ್ನೆಯಲ್ಲಿ ಹಿಂದಕ್ಕೆ, ಕತ್ತಿನಲ್ಲಿ ಕೆಳಕ್ಕೆ, ಎದೆಯಲ್ಲಿ ಸುಳಿ. ಮೂತಿಯ ಕೂದಲು ಎರಡು ಮೂರು ಮಿಲಿಮೀಟರ್, ಕತ್ತಿನದು ಅದರ ಹಲವು ಪಟ್ಟು. ಎಲ್ಲ ಕಡೆ ಒಂದೇ ಉದ್ದದ ಗೆರೆ ಎಳೆದರೆ ನಾಯಿ ಗೋಣಿತಾಟು ಹೊದ್ದಂತಾಗುತ್ತದೆ. ಲೈನರ್ ಗೆರೆಗಳು ಬೇಕಿರುವುದು ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ, ತಲೆಯ ಹೊರಗೆರೆಯಲ್ಲಿ ಅಲ್ಲಲ್ಲಿ, ಕಿವಿಯ ಬುಡದಲ್ಲಿ. ಒಟ್ಟು ಮೈಯ ಐದನೇ ಒಂದು ಭಾಗದಲ್ಲಿ ಕೂದಲು ಕಂಡರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಅಲ್ಟ್ರಾಮರೀನ್ ಒಂದು ಪಾಲು, ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕ ಮಾಡುವ ದ್ರವ) ಹತ್ತು ಪಾಲು ಬೆರೆಸಿ ಕೂದಲಿನ ಮೇಲೆ ತೆಳ್ಳಗೆ ಹಾಯಿಸಿದರೆ ಗೆರೆಗಳೆಲ್ಲ ಒಂದೇ ಮೈಗೆ ಸೇರಿಕೊಳ್ಳುತ್ತವೆ. ಆಮೇಲೆ ಹತ್ತೇ ಹತ್ತು ಹೊಳಪಿನ ಕೂದಲು ಮರಳಿ ಇಡಿ.

ಬಿಳಿ ಪ್ರಾಣಿ ಬಂದಾಗ ಇದೇ ಲೆಕ್ಕ ತಲೆಕೆಳಗು: ಮೈಯೆಲ್ಲ 6ರಿಂದ 9, ಅಪ್ಪಟ ಬಿಳಿ ಎರಡು ಮೂರು ಕಡೆ. ಬೆಕ್ಕಿನ ಪಾಪೆ ಬಿಸಿಲಿನಲ್ಲಿ ನೆಟ್ಟಗಿನ ಸೀಳು, ಮಬ್ಬಿನಲ್ಲಿ ದುಂಡು, ಎರಡು ಫೋಟೋ ಬೆರೆಸುವಾಗ ಎಚ್ಚರ. ಹಾಸನ, ಚಿಕ್ಕಮಗಳೂರು ಕಡೆ ಎತ್ತು, ಹಸುವಿನ ಚಿತ್ರ ಕೇಳುವವರು ಇದ್ದೇ ಇರುತ್ತಾರೆ, ಅದನ್ನು ಸದರವಾಗಿ ಎಣಿಸಬೇಡಿ. ಅಜ್ಜಂಪುರದ ತಳಿ ಕೇಂದ್ರದ ಅಮೃತ್ ಮಹಲ್ ಇರಲಿ, ಹಳ್ಳಿಕಾರ್ ಇರಲಿ, ಕೊಂಬುಗಳು ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಚೂಪಾಗುತ್ತವೆ. ಬುಡದ ನಡುವಿನ ಅಂತರವನ್ನು ಹೆಚ್ಚಿಸಿದರೆ ತಳಿಯೇ ಬದಲಾಗುತ್ತದೆ, ಸಾಕಿದ ರೈತ ಒಪ್ಪುವುದಿಲ್ಲ. ದನದ ಪಾಪೆ ಅಡ್ಡಲಾಗಿ ಉದ್ದ ಎನ್ನುವುದನ್ನೂ ಮರೆಯಬೇಡಿ.

ಬಣ್ಣ ಒಣಗುವ ವೇಗ ಊರಿಂದೂರಿಗೆ ಬೇರೆ. ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ಪ್ಯಾಲೆಟ್ ಮೇಲಿನ ಬಣ್ಣ ನೋಡನೋಡುತ್ತಲೇ ಚರ್ಮಗಟ್ಟುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿದರೆ ಮೂರು ನಾಲ್ಕು ದಿನ ಹಸಿಯಾಗಿರುತ್ತದೆ. ಮಲೆನಾಡಿನ ಮಳೆಯಲ್ಲಿ ಅದೇ ಟಿಶ್ಯೂ ಬೂಸಲು ಹಿಡಿಯುತ್ತದೆ, ಬೇಗ ಬದಲಿಸಿ. ಬ್ರಷ್ ಕೈಯಿಂದ ಕೆಳಗಿಟ್ಟ ಕೂಡಲೇ ನೀರಿಗೆ, ಕೆಲಸ ಮುಗಿದ ಕೂಡಲೇ ಸೋಪಿಗೆ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ತೊಳೆದ ನೀರನ್ನು ತೋಟಕ್ಕೋ ಬಾವಿಕಟ್ಟೆಗೋ ಚೆಲ್ಲಬೇಡಿ, ಬಕೆಟ್‌ನಲ್ಲಿ ತಂಗಲು ಬಿಟ್ಟು, ಅಡಿಯ ಕೆಸರನ್ನು ಹಳೆ ಪೇಪರ್ ಮೇಲೆ ಒಣಗಿಸಿ ಕಸಕ್ಕೆ ಹಾಕಿ.

ಬೆಲೆಯ ಮಾತು. 20 ಗಂಟೆಗೆ 1500 ಎಂದರೆ ಗಂಟೆಗೆ 75 ರೂಪಾಯಿ, ಅದರಲ್ಲೂ ಕ್ಯಾನ್ವಾಸ್, ಬಣ್ಣದ ಖರ್ಚು ಕಳೆಯಬೇಕು. ಹೀಗೆ ಲೆಕ್ಕ ಹಾಕಿ ನೋಡಿ. ಸರದಿ ಸರಿಯಾದರೆ 12x16ರ ಒಂದು ಮುಖ ಸುಮಾರು 15 ಗಂಟೆಯ ಕೆಲಸ: ಗೆರೆಗೆ 2, ದೊಡ್ಡ ಛಾಯೆಗಳಿಗೆ 2, ನಡುವಿನದಕ್ಕೆ 4, ಕಣ್ಣು ಮೂಗಿಗೆ 2, ಕೂದಲಿಗೆ 3, ತಿದ್ದುಪಡಿಗೆ 2. ಗಂಟೆಗೆ 250 ಎಂದು ಇಟ್ಟುಕೊಂಡರೆ 3750. ಫೋಟೋ ಆರಿಸುವುದು, ಮಾತುಕತೆ, ಪ್ಯಾಕಿಂಗ್, ಇನ್ನೆರಡು ಗಂಟೆ, 500. ಸಾಮಗ್ರಿ 600, ಪೆಟ್ಟಿಗೆ 250. ಒಟ್ಟು 5100. ಇದನ್ನು 192 ಚದರ ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 27 ರೂಪಾಯಿ ಬರುತ್ತದೆ. ದೊಡ್ಡ ಅಳತೆಗೆ ಈ ದರ ಸರಿಹೋಗುತ್ತದೆ. 8x10ಕ್ಕೆ ಇದೇ ದರದಲ್ಲಿ 2160 ಆಗುತ್ತದೆ, ಆದರೆ ಕಣ್ಣು ಚಿಕ್ಕದಾಯಿತೆಂದು ಅದನ್ನು ಬರೆಯುವ ಹೊತ್ತು ಚಿಕ್ಕದಾಗುವುದಿಲ್ಲ, ನಷ್ಟವೇ. ಸಣ್ಣ ಅಳತೆಗೆ ಒಂದು ಕನಿಷ್ಠ ಬೆಲೆ ಕಟ್ಟಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಗಂಟೆಯ ದರ ನಿಮ್ಮ ಅನುಭವಕ್ಕೆ ತಕ್ಕಂತೆ ಏರಿಳಿಯಲಿ, ಲೆಕ್ಕದ ರೀತಿ ಮಾತ್ರ ಇದೇ ಇರಲಿ. ಅರ್ಧ ಹಣ ಮುಂಗಡ. ಗೆರೆ ಮುಗಿದಾಗ ಒಂದು ಸಲ, ಕಣ್ಣು ಮುಗಿದಾಗ ಒಂದು ಸಲ ಫೋಟೋ ಕಳಿಸಿ ಒಪ್ಪಿಗೆ ಪಡೆಯಿರಿ. ಗೆರೆಯ ಹಂತದಲ್ಲಿ ತಿದ್ದುವುದು ಹತ್ತು ನಿಮಿಷದ ಕೆಲಸ, ಕೂದಲು ಬಂದ ಮೇಲೆ ಅದೇ ತಿದ್ದುಪಡಿ ಎರಡು ದಿನ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರ 17ನೇ ಕಲಂ ಪ್ರಕಾರ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಮೊದಲ ಹಕ್ಕುದಾರರು ಬರೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಚಿತ್ರವನ್ನು ನೀವು ಕ್ಯಾಲೆಂಡರ್‌ಗೆ, ಪ್ರಿಂಟಿಗೆ, ಜಾಹೀರಾತಿಗೆ ಬಳಸಬೇಕಿದ್ದರೆ ಆರ್ಡರ್ ಪಡೆಯುವಾಗಲೇ ಎರಡು ಸಾಲಿನ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸ್ಟುಡಿಯೋದವರು ತೆಗೆದ ಫೋಟೋ ಆಗಿದ್ದರೆ ಅದನ್ನು ನೋಡಿ ಬರೆಯಲು ಅನುಮತಿ ಇದೆಯೇ ಎಂದೂ ಕೇಳಿಕೊಳ್ಳಿ.

ಈಗ ವಾರ್ನಿಷ್. ಅಕ್ರಿಲಿಕ್ ಮೇಲ್ಪದರ ಮುಟ್ಟಿದಾಗ ಒಣಗಿದಂತೆ ಇರುತ್ತದೆ, ಒಳಗಿನ ನೀರು ಹೊರಬರಲು ವಾರಗಳು ಬೇಕು. ಬೇಸಿಗೆಯಲ್ಲಿ ತೆಳು ಚಿತ್ರಕ್ಕೆ ಎರಡು ವಾರ, ಮಳೆಗಾಲದಲ್ಲಿ ಒಂದು ತಿಂಗಳು ಬಿಡಿ. ಮೊದಲು ರಕ್ಷಾ ಕೋಟ್: ಸಾಫ್ಟ್ ಜೆಲ್ ಗ್ಲಾಸ್ ಎಂಬ ಹೊಳಪಿನ ಅಕ್ರಿಲಿಕ್ ಜೆಲ್ ಎರಡು ಪಾಲು, ನೀರು ಒಂದು ಪಾಲು, ಅಗಲ ಬ್ರಷ್‌ನಲ್ಲಿ ತೆಳ್ಳಗೆ ಒಂದೇ ಸಲ. ಮುಂದೊಂದು ದಿನ ವಾರ್ನಿಷ್ ತೆಗೆಯಬೇಕಾದಾಗ ಬಣ್ಣ ಜೊತೆಗೆ ಎದ್ದುಬರದಂತೆ ಇದು ಕಾಯುತ್ತದೆ. ಅದು ಪೂರ್ತಿ ಒಣಗಿದ ಮೇಲೆ ವಾರ್ನಿಷ್ ಎರಡು ತೆಳು ಕೋಟ್, ಒಂದಕ್ಕೊಂದು ಅಡ್ಡವಾಗಿ. ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ತಂದಿಟ್ಟುಕೊಳ್ಳಿ, ತೇವ ಶೇಕಡಾ 70ಕ್ಕಿಂತ ಮೇಲಿದ್ದರೆ ಆ ದಿನ ವಾರ್ನಿಷ್ ಡಬ್ಬಿ ತೆರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಡರ್ ಒಪ್ಪುವಾಗಲೇ ಮನೆಯವರಿಗೆ ಇದನ್ನು ಹೇಳಿ ಹೆಚ್ಚು ದಿನ ಕೇಳಿ. ಕಪ್ಪು ನಾಯಿಗೆ ಮ್ಯಾಟ್ ಬೇಡ, ಅದರೊಳಗಿನ ಬಿಳಿ ಪುಡಿ ಬೆಳಕನ್ನು ಚದುರಿಸಿ ಗಾಢ ಬಣ್ಣವನ್ನು ಬೂದು ಮಾಡುತ್ತದೆ. ಹೊಳಪಿನ ಗ್ಲಾಸಿ, ಇಲ್ಲವೇ ಅರೆಹೊಳಪಿನ ಸ್ಯಾಟಿನ್ ವಾರ್ನಿಷ್ ಇರಲಿ.

ಕಳಿಸುವಾಗ ಬಬಲ್ ರ‍್ಯಾಪನ್ನು ಬಣ್ಣದ ಮೇಲೆ ನೇರವಾಗಿ ಸುತ್ತಬೇಡಿ. ಬಸ್ಸಿನ ಪಾರ್ಸೆಲ್ ಡಬ್ಬದ ಬಿಸಿಗೆ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಯ ಅಚ್ಚು ಬೀಳುತ್ತದೆ. ಮೊದಲು ಗ್ಲಾಸೀನ್ ಎಂಬ ನುಣುಪು ಕಾಗದ ಅಥವಾ ಸಿಲಿಕಾನ್ ಲೇಪದ ಬೇಕಿಂಗ್ ಪೇಪರ್, ಮೂಲೆಗಳಿಗೆ ರಟ್ಟು, ಆಮೇಲೆ ಬಬಲ್, ಆಮೇಲೆ ಪೆಟ್ಟಿಗೆ. ಎಸ್ಟೇಟ್ ಮನೆಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಕೊಟ್ಟರೆ ಗಾಳಿಯಾಡಿ ಬೂಸಲು ತಪ್ಪುತ್ತದೆ.

ಕೊನೆಗೆ ನಿಮ್ಮ ಚಿತ್ರ. ಹತ್ತಿಯನ್ನು ನೀರಿಗೆ ಅದ್ದಿ ಹಿಂಡಿ, ಬೆಳ್ಳಗಾದ ಒಂದು ಮೂಲೆಯಲ್ಲಿ ಸವರಿ ನೋಡಿ. ಒದ್ದೆಯಿದ್ದಷ್ಟು ಹೊತ್ತು ಕಪ್ಪು ಮರಳಿ ಬಂದರೆ ಅದು ಮ್ಯಾಟ್ ಪುಡಿಯ ಬಿಳುಪು, ಅದರ ಮೇಲೆ ಒಣಹವೆಯ ದಿನ ಗ್ಲಾಸಿ ವಾರ್ನಿಷ್ ಒಂದು ಕೋಟ್ ಹಾಕಿದರೆ ಸಾಕಷ್ಟು ತಿಳಿಯಾಗುತ್ತದೆ. ಬಿಳುಪು ಒಂದಿಷ್ಟೂ ಕದಲದಿದ್ದರೆ ಒಳಗೆ ತೇವ ಸಿಕ್ಕಿಕೊಂಡಿದೆ. ಫ್ಯಾನ್ ಇರುವ ಒಣ ಕೋಣೆಯಲ್ಲಿ ಗೋಡೆಗೆ ಒರಗಿಸದೆ ಎರಡು ವಾರ ಇಡಿ, ತಾನಾಗಿ ಹೋಗುವ ಸಾಧ್ಯತೆ ಹೆಚ್ಚು. ಡಬ್ಬಿಯ ಮೇಲೆ ಟರ್ಪೆಂಟೈನ್‌ನಿಂದ ತೆಗೆಯಬಹುದು ಎಂದಿದ್ದರೆ ಮಾತ್ರ ಮೂಲೆಯಲ್ಲಿ ಪರೀಕ್ಷಿಸಿ ಹತ್ತಿಯಿಂದ ತೆಗೆಯಿರಿ. ಹತ್ತಿಗೆ ಬಣ್ಣ ಹತ್ತಿದರೆ ಕೂಡಲೇ ನಿಲ್ಲಿಸಿ. ನೀರಿನ ಮೂಲದ ವಾರ್ನಿಷ್ ಆಗಿದ್ದು ಅಡಿಯಲ್ಲಿ ರಕ್ಷಾ ಕೋಟ್ ಇಲ್ಲದಿದ್ದರೆ ತೆಗೆಯುವ ಗೋಜಿಗೆ ಹೋಗಬೇಡಿ.

ವಾರ್ನಿಷ್ ಹೋದರೆ ಆ ಬಣ್ಣದ ಮೇಲೇ ಮುಖವನ್ನು ಎತ್ತಬಹುದು. ಹಣೆ, ಮೂತಿಯ ಮೇಲ್ಭಾಗ, ಬೆಳಕಿನ ಕಡೆಯ ಕೆನ್ನೆಗೆ 4, 5ರ ನೀಲಿ ಬೂದನ್ನು ಫಿಲ್ಬರ್ಟ್ ಬ್ರಷ್‌ನಿಂದ ದೊಡ್ಡದಾಗಿ ಹಾಕಿ. ನೀವು ಬಿಡಿಸಿದ ಕೂದಲು ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ, ಹೋಗಲಿ. ಹಿನ್ನೆಲೆಯನ್ನು ಎರಡು ಮೆಟ್ಟಿಲು ತಿಳಿ ಮಾಡಿ, ಕೆಳರೆಪ್ಪೆಯ ತೇವದ ಗೆರೆ ಇಡಿ. ವಾರ್ನಿಷ್ ಹೋಗದಿದ್ದರೆ ಅದರ ಮೇಲೆ ಬಣ್ಣ ಹಚ್ಚಬೇಡಿ, ಸರಿಯಾಗಿ ಕೂರುವುದಿಲ್ಲ. ಆಗ ಮನೆಯವರಿಂದ ಐದಡಿ ದೂರದ ಹೊಸ ಫೋಟೋ ತರಿಸಿಕೊಂಡು, ಹೊಸ ಕ್ಯಾನ್ವಾಸಿಗೆ ಜೆಸ್ಸೊ ಹೊಡೆಯುವುದೇ ದಾರಿ.